ಬಾಳೆತೋಟದ ದವಡೆ

ಯಾರನ್ನು ನೋಡಿದರೂ ಮಲ್ಲಿಕಾಳ ಕಣ್ಣು ಮೊದಲು ಹೋಗುವುದು ದವಡೆಯ ಕಡೆಗೆ. ಕಲಬುರಗಿಯ ಒಂದು ವೈದ್ಯಕೀಯ ಕಾಲೇಜಿನಲ್ಲಿ ಹನ್ನೊಂದು ವರ್ಷದಿಂದ ಅಂಗರಚನಾಶಾಸ್ತ್ರ ಕಲಿಸುತ್ತಿದ್ದ ಅವಳಿಗೆ ಇದು ಅಂಟಿಕೊಂಡುಬಿಟ್ಟಿದ್ದ ಚಾಳಿ. ಕುಸನೂರಿನಿಂದ ಬರುವ ಸಿಟಿ ಬಸ್ಸಿನಲ್ಲಿ ಎದುರು ಕೂತವರ ಕಿವಿಯ ಕೆಳಗಿನ ಮೂಲೆಯನ್ನು ದಿಟ್ಟಿಸುತ್ತ, ಈ ಅಜ್ಜನ ಹಲ್ಲು ಹೋಗಿ ಎಷ್ಟು ವರ್ಷವಾಗಿರಬಹುದು, ಈ ಹುಡುಗಿಯ ಗದ್ದ ತಾಯಿಯ ಕಡೆಯದೋ ತಂದೆಯ ಕಡೆಯದೋ ಎಂದು ಯೋಚಿಸುತ್ತಿರುತ್ತಿದ್ದಳು. ಒಮ್ಮೆ ಒಬ್ಬ ಮುದುಕಿ, “ಯಾಕವ್ವಾ, ನನ್ನ ಮಾರಿಗೆ ಏನರ ಹತ್ಯಾದೇನು?” ಎಂದು ಸೆರಗಿನಿಂದ ಬಾಯಿ ಒರೆಸಿಕೊಂಡಾಗ ನಾಚಿ ಎರಡು ಸ್ಟಾಪು ಮೊದಲೇ ಇಳಿದು ನಡೆದಿದ್ದಳು.

ಜೂನ್ ತಿಂಗಳ ಒಂದು ಬೆಳಿಗ್ಗೆ ಕಮಲಾಪುರ ಠಾಣೆಯ ಕಾನ್‌ಸ್ಟೇಬಲ್ ಅರುಣಕುಮಾರ ಅವಳ ವಿಭಾಗಕ್ಕೆ ಬಂದ. ಕೈಯಲ್ಲಿ ಮೊಹರು ಹಾಕಿದ ರಟ್ಟಿನ ಡಬ್ಬಿ, ಜೊತೆಗೆ ಒಂದು ಪತ್ರ. ಅವನ ಹಿಂದೆ ಧೋತರ ಉಟ್ಟು, ಹೆಗಲಿಗೆ ಟವೆಲ್ ಹಾಕಿಕೊಂಡ, ಅರವತ್ತು ದಾಟಿದ ಒಬ್ಬ ರೈತ ಬಾಗಿಲಲ್ಲೇ ನಿಂತ.

“ಇವರು ಅಣವೀರಪ್ಪ ಅಂತ್ರೀ ಮೇಡಂ, ಇವರ ಹೊಲದಾಗ ಸಿಕ್ಕದ್ದು,” ಎಂದು ಅರುಣಕುಮಾರ ಡಬ್ಬಿಯನ್ನು ಮೇಜಿನ ಮೇಲಿಟ್ಟ. “ಕೃಷಿ ಹೊಂಡ ತೋಡ್ಲಾಕ ಜೆಸಿಬಿ ಹಚ್ಚಿದ್ರು. ಬಾಳಿತೋಟದ ಮೂಲ್ಯಾಗ ಐದಾರು ಫೂಟ್ ಕೆಳಗ ಬಂತು. ಉಳದ ಎಲುಬು ಚೂರುಚೂರು ಆಗ್ಯಾವ, ಅವು ಲ್ಯಾಬಿಗೆ ಹೋಗ್ಯಾವ. ಇದೊಂದು ಇಡೀದು ಉಳದದ. ಗಂಡೋ ಹೆಣ್ಣೋ, ವಯಸ್ಸೆಷ್ಟು, ನಿಮ್ಮ ಅಭಿಪ್ರಾಯ ಬರದು ಕೊಡಬೇಕಂತ್ರಿ. ಹಲ್ಲು ಮಾತ್ರ ಒಂದೂ ಇಲ್ಲ, ಎಲ್ಲಾ ಮಣ್ಣಾಗ ಉದುರ್ಯಾವ.”

ಮಲ್ಲಿಕಾ ಕೈಗವಸು ಹಾಕಿಕೊಂಡು ಡಬ್ಬಿ ತೆರೆದಳು. ಹತ್ತಿಯ ಮೇಲೆ ಒಂದು ಕೆಳದವಡೆ ಮಲಗಿತ್ತು. ಕಮಲಾಪುರದ ಕೆಂಪು ಮಣ್ಣು ಅದರ ಸಂದಿಗಳಲ್ಲಿ ಇನ್ನೂ ಇತ್ತು. ಎತ್ತಿದರೆ ಒಣಗಿದ ಸೋರೆಬುರುಡೆಯಷ್ಟು ಹಗುರ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ಸುತ್ತು ತಿರುಗಿಸಿದಳು, ಆಮೇಲೆ ಹೆಬ್ಬೆರಳಿನಿಂದ ಮೇಲಂಚನ್ನು ಸವರಿದಳು.

“ಮಣ್ಣಾಗ ಉದುರಿಲ್ಲ ಇವು,” ಎಂದಳು ತನ್ನಷ್ಟಕ್ಕೆ.

ಅರುಣಕುಮಾರ ಸಹಿ ಮಾಡಿಸಿಕೊಂಡು ಕಚೇರಿಗೆ ಹೋದ. ಅಣವೀರಪ್ಪ ಮಾತ್ರ ಬಾಗಿಲು ಬಿಟ್ಟು ಕದಲಲಿಲ್ಲ. ಒಳಗೆ ಬಂದು ಕೂಡ್ರಿ ಎಂದರೂ ಕೂಡಲಿಲ್ಲ. ಅವನ ಕಣ್ಣು ಎಲುಬಿನ ಮೇಲಿತ್ತು.

“ಮೇಡಂ,” ಎಂದ ಕಡೆಗೆ. “ಇಪ್ಪತ್ನಾಕು ವರ್ಷದ ಹುಡುಗಂದು ಇರಬಹುದೇನ್ರಿ?”

ಮಲ್ಲಿಕಾ ತಲೆಯೆತ್ತಿದಳು. “ಯಾಕ ಹಂಗ ಕೇಳ್ತೀರಿ ಕಾಕಾ?”

ಅವನು ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ.

“ನನಗ ಒಬ್ಬ ತಮ್ಮ ಇದ್ದ ರೀ, ಮಹಾದೇವ ಅಂತ. ಎಂಬತ್ತೊಂಬತ್ತನೇ ಇಸವಿಯೊಳಗ ತೋಟಕ್ಕ ನೀರು ಬಿಡು ಅಂತ ಹೇಳಿ ನಾ ಬ್ಯಾರೆ ಊರಿಗೆ ಹೋಗಿದ್ದೆ. ಇಂವ ಮೋಟರ್ ಚಾಲೂ ಮಾಡಿ ಗುಲಬರ್ಗಾಕ್ಕ ಸಿನಿಮಾ ನೋಡ್ಲಾಕ ಬಂದ. ಬಾವ್ಯಾಗ ನೀರು ತೀರಿ ಮೋಟರ್ ಸುಟ್ಟು ಹೋತು. ಮರುದಿನ ನಾ ಬಂದು ನೋಡಿ, ಸಿಟ್ಟಿಲೆ ಒಂದು ಹೊಡದೆ. ಇಲ್ಲಿ.” ಅವನು ತನ್ನ ದವಡೆಯ ಮೂಲೆಯನ್ನು ಮುಟ್ಟಿ ತೋರಿಸಿದ. “ಅಂಗಿ ಹಾಕ್ಕೊಂಡು ಹೊಂಟ. ಅಂದು ಹೋದಾಂವ ಇಂದಿಗೂ ಬಂದಿಲ್ಲ. ಮೂವತ್ತಾರು ವರ್ಷ ಆತು.”

“ಹುಡುಕಲಿಲ್ಲೇನು?”

“ಸೊಲ್ಲಾಪುರ, ಬೊಂಬಾಯಿ, ಹೈದ್ರಾಬಾದ್. ಎಲ್ಲಿ ಹುಡುಕಿಲ್ಲ ಕೇಳ್ರಿ. ಊರಾಗ ಒಂದು ಮಾತು ಅದ. ಎದುರಿಗೆ ಯಾರೂ ಅನ್ನಂಗಿಲ್ಲ. ಅಣ್ಣನೇ ತಮ್ಮನ್ನ ಬಾಳಿಗಿಡದ ಬುಡಕ್ಕ ಹಾಕ್ಯಾನ ಅಂತ. ಈಗ ನಮ್ಮ ತೋಟದಾಗೇ ಎಲುಬು ಸಿಕ್ತು.” ಅವನ ದನಿ ಇಳಿಯಿತು. “ನಾ ಹಾಕಿಲ್ರಿ. ಖರೆ ನಾ ಇಲ್ಲದಾಗ ಆಂವ ತಿರುಗಿ ಬಂದು ಬಾವ್ಯಾಗೀವ್ಯಾಗ ಬಿದ್ದನೇನೋ ಅಂತ ನನಗೇ ಅನುಮಾನ ಬರ್ಲಾಕತ್ತದ.”

ಮಲ್ಲಿಕಾ ವಿಭಾಗದ ಅಟೆಂಡರ್ ಮಲ್ಲುವನ್ನು ಕರೆದಳು. ನಿವೃತ್ತಿಗೆ ಎಂಟು ತಿಂಗಳಿದ್ದ ಮಲ್ಲುವಿಗೆ ಯಾವ ಕಪಾಟಿನ ಯಾವ ಖಾನೆಯಲ್ಲಿ ಯಾವ ಎಲುಬಿದೆ ಎನ್ನುವುದು ಕಣ್ಣುಮುಚ್ಚಿದರೂ ಗೊತ್ತು. ಅವಳು ಹೇಳಿದ ಎರಡು ದವಡೆಗಳನ್ನು ತಂದು ಮೇಜಿನ ಮೇಲಿಟ್ಟ. ಒಂದು ಕೂಸಿನದು, ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಸಣ್ಣದು. ಇನ್ನೊಂದು ತುಂಬುಪ್ರಾಯದ ಗಂಡಸಿನದು. ಅವುಗಳ ಪಕ್ಕದಲ್ಲಿ ಮಲ್ಲಿಕಾ ಬಾಳೆತೋಟದ ದವಡೆಯನ್ನಿಟ್ಟಳು.

“ಹತ್ರ ಬರ್ರಿ ಕಾಕಾ. ಈ ಮೂಲಿ ನೋಡ್ರಿ, ಕಿವಿ ಕೆಳಗ ಬರ್ತದಲ್ಲ, ಅದು. ಕೂಸಿಂದು ಹ್ಯಾಂಗ ಅಗಲಕ್ಕ ಬಿಚ್ಚಿಕೊಂಡದ. ಹಲ್ಲು ಬಂದು ರೊಟ್ಟಿ ಕಡದು ತಿಂದಂಗೆಲ್ಲ ಇದು ಮಡಚಿಕೋತ ಬರ್ತದ. ಪ್ರಾಯಕ್ಕ ಬಂದಾಗ ನೋಡ್ರಿ, ಗ್ವಾಡಿ ಮೂಲಿ ಇದ್ದಂಗ ಆಗ್ತದ. ಈಗ ನಿಮ್ಮ ತೋಟದ್ದು ನೋಡ್ರಿ.”

ಅಣವೀರಪ್ಪ ಬಗ್ಗಿದ. ತೋಟದ ದವಡೆಯ ಮೂಲೆ ಕೂಸಿನದರ ಹಾಗೇ ಬಿಚ್ಚಿಕೊಂಡಿತ್ತು.

“ಮತ್ತ ಕೂಸಾಗ್ಯಾದಲ್ರಿ ಇದು.”

“ಹೌದು. ಹಲ್ಲು ಹೋಗಿ, ಜಗಿಯೋದು ನಿಂತು, ಎಲುಬು ಸವೀತ ಹೋದಂಗ ಮತ್ತ ಬಿಚ್ಚಿಕೋತದ. ಗಂಡಸರಿಗೂ ಅಷ್ಟೇ, ಹೆಂಗಸರಿಗೂ ಅಷ್ಟೇ. ಇನ್ನೊಂದು ಹೇಳ್ತೀನಿ.” ಗದ್ದದ ಪಕ್ಕ ಇದ್ದ ಜೋಳದ ಕಾಳಿನಷ್ಟು ತೂತನ್ನು ಪೆನ್ಸಿಲ್ಲಿನ ಮೊನೆಯಿಂದ ತೋರಿಸಿದಳು. “ಇದು ನರ ಹೊರಗ ಬರೋ ಹಾದಿ. ಪ್ರಾಯದವರಿಗೆ ನಟ್ಟನಡುವ ಇರ್ತದ. ಇಲ್ಲಿ ಮ್ಯಾಲಿನ ಅಂಚಿಗೇ ಬಂದದ. ತೂತು ಮ್ಯಾಲ ಏರಿಲ್ಲ, ಮ್ಯಾಲಿನ ಎಲುಬು ಕರಗಿ ಕೆಳಗ ಇಳದದ. ಮಳಿಗೆ ಮಣ್ಣು ಕೊಚ್ಚಿ ಹೋದ್ರ ಗಿಡದ ಬೇರು ಕಾಣಂಗಿಲ್ಲೇನು, ಹಂಗ.”

“ಹಲ್ಲು ಮಣ್ಣಾಗ ಉದುರಿದ್ರ?”

“ಸತ್ತ ಮ್ಯಾಲ ಉದುರಿದ್ರ ಹಲ್ಲಿನ ಕುಣಿ ಹಂಗೇ ತೆರಕೊಂಡು ಉಳೀತಾವ. ಇವು ತುಂಬಿ ನುಣ್ಣಗಾಗ್ಯಾವ. ಈ ಮನುಷ್ಯ ಬೊಚ್ಚುಬಾಯಿಲೇ ವರ್ಷಗಟ್ಟಲೆ ಬದುಕ್ಯಾನ, ಇಲ್ಲಾ ಬದುಕ್ಯಾಳ. ಎಪ್ಪತ್ತು, ಎಂಬತ್ತು. ಎಷ್ಟು ಅಂತ ಗೆರಿ ಹೊಡದು ಹೇಳಾಕ ಆಗಂಗಿಲ್ಲ. ಆದ್ರ ಇಪ್ಪತ್ನಾಕು ಅಲ್ಲ. ನಿಮ್ಮ ತಮ್ಮ ಅಲ್ಲ.”

ಅಣವೀರಪ್ಪ ಅಷ್ಟುಹೊತ್ತು ಬೇಡವೆಂದಿದ್ದ ಸ್ಟೂಲಿನ ಮೇಲೆ ಕುಸಿದು ಕೂತ. ಮಲ್ಲು ಒಂದು ಲೋಟ ನೀರು ತಂದು ಕೈಗಿಟ್ಟ.

ನೀರು ಕುಡಿದು ಅವನು ಹೇಳಿದ್ದು ಇಷ್ಟು: ಮನೆಯಲ್ಲಿ ತಾಯಿ ಚಂದಮ್ಮ ಇದ್ದಾಳೆ, ಎಂಬತ್ತೆರಡು ವರ್ಷ. ಮಹಾದೇವ ಹೋದ ದಿನದಿಂದ ಹಿರಿಮಗನ ಮುಖ ನೋಡಿ ಅವಳು ಒಂದು ಮಾತೂ ಆಡಿಲ್ಲ. ಊಟಕ್ಕೆ ಕರೆಯಬೇಕಾದರೂ ಗೋಡೆಗೆ ಹೇಳುತ್ತಾಳೆ. ಎಲುಬು ಸಿಕ್ಕ ಸುದ್ದಿ ಕೇಳಿದಾಗಿನಿಂದ ಪೆಟ್ಟಿಗೆಯೊಳಗಿನ ಹೊಸ ಧೋತರ ತೆಗೆದು, ವಿಭೂತಿ ತರಿಸಿ, ಮಗನನ್ನು ಮಣ್ಣಿಗಿಡಲು ಕಾದು ಕೂತಿದ್ದಾಳೆ.

“ಅದು ಅವನ ಎಲುಬು ಅಲ್ಲ ಅಂತ ನಾ ಹೇಳಿದ್ರ ನಂಬಂಗಿಲ್ರಿ. ನೀವು ಒಂದು ಸಲ ಬಂದು ಹೇಳ್ತೀರೇನು?”

ವರದಿ ಬರೆದುಕೊಟ್ಟರೆ ಮಲ್ಲಿಕಾಳ ಕೆಲಸ ಮುಗಿಯುತ್ತಿತ್ತು. ಆದರೆ ವರದಿಯಲ್ಲೇ ಒಂದು ಕಡೆ ಅವಳ ಪೆನ್ನು ನಿಂತಿತ್ತು. ಗಂಡೋ ಹೆಣ್ಣೋ? ಮುಂದೆ ಚಾಚಿದ ಗದ್ದ ನೋಡಿ ಮೊದಲು ಗಂಡಸೆಂದುಕೊಂಡಿದ್ದಳು. ಹಲ್ಲಿಲ್ಲದ ದವಡೆಯಲ್ಲಿ ಹೆಂಗಸಿನ ಗದ್ದವೂ ಹೀಗೇ ಮುಂದೆ ಬರುತ್ತದೆ. ಪ್ರಾಯದಲ್ಲಿ ಗಂಡಸಿನ ದವಡೆಯ ಮೂಲೆ ಒರಟಾಗಿ ಹೊರಕ್ಕೆ ತಿರುಗಿರುತ್ತದೆ, ಹೆಂಗಸಿನದು ನಯವಾಗಿ ಒಳಕ್ಕಿರುತ್ತದೆ. ಮುಪ್ಪಿನಲ್ಲಿ ಆ ಒರಟೂ ಸವೆಯುತ್ತದೆ. ಪ್ರಾಯದಲ್ಲಿ ದೂರದೂರವಿದ್ದ ಗಂಡಸಿನ, ಹೆಂಗಸಿನ ದವಡೆಗಳು ವಯಸ್ಸಾದಂತೆ ಒಂದರ ಕಡೆಗೊಂದು ನಡೆದು ಬರುತ್ತವೆ ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿತ್ತು. ಸಿಕ್ಕ ಜಾಗವನ್ನೊಮ್ಮೆ ನೋಡುವ ಆಸೆಯೂ ಇತ್ತು. ಭಾನುವಾರ ಬರುತ್ತೇನೆಂದಳು.

ಭಾನುವಾರ ಹುಮನಾಬಾದ್ ಬಸ್ಸು ಹತ್ತಿ ಕಮಲಾಪುರದಲ್ಲಿ ಇಳಿದಳು. ಅಣವೀರಪ್ಪ ಬೈಕು ತಂದಿದ್ದ. ಮೊದಲು ತೋಟಕ್ಕೆ ಹೋದರು. ಕೆಂಬಾಳೆಯ ಗೊನೆಗಳು ಗಿಡದಲ್ಲೇ ಕಂದುಗೆಂಪಾಗಿ ತೂಗುತ್ತಿದ್ದವು. ಅರ್ಧ ತೋಡಿದ ಹೊಂಡದ ಸುತ್ತ ಪೊಲೀಸರು ಹಗ್ಗ ಕಟ್ಟಿದ್ದರು. ಅಲ್ಲಿ ಮಣ್ಣಿನ ಹೊರತು ಕಾಣುವಂಥದ್ದೇನೂ ಇರಲಿಲ್ಲ. ಪಕ್ಕದ ಹೊಲದ ಅಲ್ಲಾಬಕ್ಷ ಬದುವಿನ ಮೇಲೆ ನಿಂತು ನೋಡುತ್ತಿದ್ದವನು, “ಏನಂತದ ರಿಪೋರ್ಟು?” ಎಂದು ಕೂಗಿ ಕೇಳಿದ.

“ಮುದಿ ಎಲುಬು ಅಂತದ,” ಎಂದು ಮಲ್ಲಿಕಾ ಅಷ್ಟೇ ಗಟ್ಟಿಯಾಗಿ ಹೇಳಿದಳು. “ಹರೇದ ಹುಡುಗಂದು ಅಲ್ಲ.”

ಅಲ್ಲಾಬಕ್ಷ ಅಣವೀರಪ್ಪನ ಮುಖ ನೋಡಿದ. “ನಾ ಮೊದಲಿಂದ ಹೇಳ್ತಿದ್ದೆ,” ಎಂದು ತಲೆಯಾಡಿಸಿ ಹೋದ. ಸಂಜೆಯೊಳಗೆ ಊರೆಲ್ಲ ತಿಳಿಯುತ್ತದೆಂದು ಇಬ್ಬರಿಗೂ ಗೊತ್ತಾಯಿತು.

ಮನೆಯ ಪಡಸಾಲೆಯಲ್ಲಿ ಚಂದಮ್ಮ ಚಾಪೆ ಹಾಸಿಕೊಂಡು ಕೂತಿದ್ದಳು. ಒಂದೂ ಹಲ್ಲಿರಲಿಲ್ಲ. ಬಾಯಿ ಒಳಕ್ಕೆ ಹೋಗಿ, ಗದ್ದ ಮುಂದೆ ಬಂದು, ಮೂಗಿನ ತುದಿಯನ್ನು ಮಾತಾಡಿಸುವಷ್ಟು ಹತ್ತಿರವಾಗಿತ್ತು. ಪಕ್ಕದಲ್ಲಿ ಮಡಚಿಟ್ಟ ಹೊಸ ಧೋತರ, ಅದರ ಮೇಲೆ ವಿಭೂತಿ ಗಟ್ಟಿ. ಮಲ್ಲಿಕಾ ಎದುರು ಕೂತು, ತಾನು ಯಾರು, ಯಾಕೆ ಬಂದೆ ಎನ್ನುವುದನ್ನು ಹೇಳಿದಳು. ಅಣವೀರಪ್ಪ ಕಂಬದ ಆಚೆ ನಿಂತ.

“ಅದು ನಿಮ್ಮ ಮಹಾದೇವಂದು ಅಲ್ಲ ಆಯಿ.”

ಚಂದಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. “ಹಿಂಗ ಹೇಳು ಅಂತ ಯಾರು ಹೇಳಿ ಕಳಿಸ್ಯಾರ ನಿನಗ?”

“ಯಾರೂ ಕಳಿಸಿಲ್ಲ. ನೀವೇ ನೋಡ್ರಿ. ನಿಮ್ಮ ಕಿವಿ ಕೆಳಗ ಬಟ್ಟು ಇಡ್ರಿ. ಹಂಗೇ ಮೂಲಿ ಹಿಡಕೊಂಡು ಗದ್ದಕ್ಕ ಬರ್ರಿ. ಈಗ ನಂದು ಹಿಡದು ನೋಡ್ರಿ.”

ಮುದುಕಿ ಹಿಂದೆಮುಂದೆ ನೋಡಿ ಕೈ ಚಾಚಿದಳು. ಒರಟು ಬೆರಳುಗಳು ಮಲ್ಲಿಕಾಳ ಕಿವಿಯಿಂದ ಗದ್ದದವರೆಗೆ ಮೆಲ್ಲಗೆ ಬಂದವು. ಮತ್ತೆ ತನ್ನ ದವಡೆ ಮುಟ್ಟಿಕೊಂಡಳು. ಇನ್ನೊಮ್ಮೆ ಮಲ್ಲಿಕಾಳದು.

“ನಿಂದು ಹಿಂಗ ಡೊಂಕ ಅದ. ನಂದು ಜಾರಿ ಹೋಗ್ಯಾದ.”

“ನಿಮಗೂ ನನ್ನ ವಯಸ್ಸಿನಾಗ ನನ್ನಂಗೇ ಇತ್ತು. ಈಗ ಈ ಫೋಟೋ ನೋಡ್ರಿ.”

ಫೋನಿನಲ್ಲಿದ್ದ ಬಾಳೆತೋಟದ ದವಡೆಯ ಫೋಟೋವನ್ನು ಚಂದಮ್ಮ ಕಣ್ಣಿನ ಸಮೀಪಕ್ಕೆ ತಂದು ನೋಡಿದಳು. ಒಂದು ಕೈ ತನ್ನ ಗದ್ದದ ಮೇಲೇ ಇತ್ತು.

“ಇದು ನನ್ನಂಥ ಮುದುಕೀದು.”

“ಮುದುಕಂದೂ ಇರಬಹುದು ಆಯಿ. ಅದೊಂದು ನನಗ ಪಕ್ಕಾ ಗೊತ್ತಾಗವಲ್ದು.”

“ನಿನಗ ಗೊತ್ತಾಗಲಿಕ್ಕಿಲ್ಲ. ಮುದುಕೀದೇ ಇದು,” ಎಂದು ಚಂದಮ್ಮ ಫೋನು ತಿರುಗಿ ಕೊಟ್ಟಳು. ಹೇಗೆ ಗೊತ್ತು ಎಂದು ಕೇಳಬೇಕೆನಿಸಿದರೂ ಮಲ್ಲಿಕಾ ಕೇಳಲಿಲ್ಲ. ಮುದುಕಿ ವಿಭೂತಿ ಗಟ್ಟಿಯನ್ನು ತೆಗೆದು ಬದಿಗಿಟ್ಟು, ಧೋತರವನ್ನು ತೊಡೆಯ ಮೇಲೆ ಹಾಕಿಕೊಂಡು ಮಡಿಕೆ ಸರಿ ಮಾಡುತ್ತಿದ್ದಳು.

“ಮಣ್ಣರ ಕೊಟ್ಟು ಕೈ ತೊಳಕೊಂಡೇನು ಅಂತಿದ್ದೆ,” ಎಂದಳು. “ಅದೂ ಇಲ್ಲ ಅಂದಂಗಾತು.”

ಇನ್ನು ಏಳಬೇಕು ಎಂದು ಮಲ್ಲಿಕಾ ಅಂದುಕೊಳ್ಳುವಷ್ಟರಲ್ಲಿ ಮುದುಕಿ ಕೇಳಿದಳು: “ಎಲುಬು ಹಿಂಗ ಬದಲಾಗ್ತಾವ ಅಂದಿ. ಹಂಗಾದ್ರ ಈಗ ಅವನ ದವಡಿ ಹ್ಯಾಂಗ ಆಗಿರ್ತದ?”

ಹನ್ನೊಂದು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ಮಲ್ಲಿಕಾಳಿಗೆ ಇಂಥ ಪ್ರಶ್ನೆ ಕೇಳಿರಲಿಲ್ಲ.

“ನನ್ನ ಮಗಗ ಈಗ ಅರವತ್ತು. ಪ್ರತಿ ನಾಗರಪಂಚಮಿಗೆ ಒಂದೊಂದು ವರ್ಷ ಎಣಿಸೀನಿ, ತಪ್ಪಿಲ್ಲ. ಖರೆ ಮಾರಿ ಮಾತ್ರ ಅದೇ ಇಟಗೊಂಡೀನಿ ನೋಡು.” ಗೋಡೆಯ ಕಡೆ ಕೈ ತೋರಿಸಿದಳು. ಅಲ್ಲಿ ಕಪ್ಪುಬಿಳುಪು ಫೋಟೋ ಒಂದು ತೂಗುತ್ತಿತ್ತು. ಕೋಟೆಯ ಚಿತ್ರ ಬರೆದ ಪರದೆಯ ಮುಂದೆ ದೊಡ್ಡ ಕಾಲರಿನ ಅಂಗಿ ತೊಟ್ಟ ಹುಡುಗ. “ಬಸ್‌ಸ್ಟ್ಯಾಂಡಿನಾಗ, ಸಂತ್ಯಾಗ, ಎಲ್ಲಿ ಹೋದ್ರೂ ಹರೇದ ಹುಡುಗರ ಮಾರೀನೇ ನೋಡ್ತೀನಿ. ಆಂವ ಮುದುಕ ಆಗಿ ನನ್ನ ಮುಂದೇ ಹಾದು ಹೋಗಿದ್ರ?”

ಮಲ್ಲಿಕಾ ಎದ್ದು ಹೋಗಿ ಫೋಟೋದ ಎದುರು ನಿಂತಳು. ಅಗಲವಾದ ದವಡೆ, ಎದ್ದು ಕಾಣುವ ಮೂಲೆ, ನಡುವೆ ತುಸು ತಗ್ಗಿದ ಗದ್ದ. ಅದರ ಪಕ್ಕದಲ್ಲೇ ಅಣವೀರಪ್ಪನ ಮದುವೆಯ ಫೋಟೋ ಇತ್ತು. ಬಾಸಿಂಗ ಕಟ್ಟಿಕೊಂಡು ಕೂತ ಅಣವೀರಪ್ಪನಿಗೂ ಆಗ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ಎರಡನ್ನೂ ಇಳಿಸಿ ತಂದು ಮುದುಕಿಯ ಮುಂದಿಟ್ಟಳು.

“ಇಬ್ಬರ ದವಡೀನೂ ನೋಡ್ರಿ ಆಯಿ. ಒಂದೇ ಅಚ್ಚಿನಾಗ ಎರಕ ಹೊಯ್ದಂಗ ಅವ. ಈ ಮದುವಿ ಫೋಟೋದಿಂದ ಇಂದಿನ ತನಕ ನಿಮ್ಮ ಹಿರಿಮಗನ ಮಾರಿ ಹ್ಯಾಂಗ ಬದಲಾಗ್ಯಾದೋ, ಸಣ್ಣವಂದೂ ಹೆಚ್ಚುಕಮ್ಮಿ ಹಂಗೇ ಆಗಿರ್ತದ. ತಂಬಾಕು ಹಾಕೋ ಚಟ ಇದ್ದು ಹಲ್ಲು ಹೋಗಿದ್ರ ಇನ್ನೊಂದಿಷ್ಟು.”

ಚಂದಮ್ಮ ಎರಡೂ ಫೋಟೋಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತಲೆಯೆತ್ತಿ ಕಂಬದ ಕಡೆ ತಿರುಗಿದಳು.

“ಇಲ್ಲಿ ಬಾ.”

ಆ ಮಾತು ಗೋಡೆಗಲ್ಲ ಎಂದು ತಿಳಿಯಲು ಅಣವೀರಪ್ಪನಿಗೆ ಒಂದು ಗಳಿಗೆ ಬೇಕಾಯಿತು. ಬಂದು ತಾಯಿಯ ಮುಂದೆ ನೆಲದ ಮೇಲೆ ಕೂತ. ಅವಳು ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. ಮಲ್ಲಿಕಾ ತೋರಿಸಿದ್ದ ಹಾಗೆಯೇ ಕಿವಿಯ ಕೆಳಗಿನಿಂದ ಶುರುಮಾಡಿ, ಮೂಲೆಯಲ್ಲಿ ನಿಂತು, ಜೋತುಬಿದ್ದ ಚರ್ಮವನ್ನು ಬೆರಳಿನಿಂದ ಎತ್ತಿ ಒಳಗಿನ ಎಲುಬು ಹುಡುಕಿ, ಗದ್ದಕ್ಕೆ ಬಂದಳು. ಎರಡು ದಿನದ ಬಿಳಿ ಗಡ್ಡ ಅವಳ ಬೆರಳಿಗೆ ಚುಚ್ಚುತ್ತಿತ್ತು.

“ಹಿಂಗಿರ್ತಾನೇನು?” ಎಂದು ಮಲ್ಲಿಕಾಳನ್ನು ಕೇಳಿದಳು.

“ಹಿಂಗೇ ಇರ್ತಾರ.”

ಚಂದಮ್ಮ ಕೈ ತೆಗೆಯಲಿಲ್ಲ. “ಎಷ್ಟು ಮುದುಕ ಆಗೀದಿಯೋ ನೀನು,” ಎಂದಳು ಮಗನಿಗೆ.

“ಅರವತ್ನಾಕು ಆತವ್ವ.”

“ನನಗ ಗೊತ್ತೇ ಆಗಲಿಲ್ಲ.”

ಅಣವೀರಪ್ಪ ಅವಳ ಕೈಯ ಮೇಲೆ ತನ್ನ ಕೈಯಿಟ್ಟ. “ಅವ್ವಾ, ನಾ ಒಂದೇ ಏಟು ಹೊಡದಿದ್ದೆ.”

“ಗೊತ್ತದ. ಅಡಗಿಮನ್ಯಾಗ ಇದ್ದೆ ನಾನು, ಕೇಳ್ಸಿತ್ತು. ಊರ ಮಂದಿ ಅಂದಂಗ ನೀ ಮಾಡೀದಿ ಅಂತ ಒಂದಿನಾನೂ ಅಂದಿಲ್ಲ ನಾ. ಆ ಒಂದು ಏಟೇ ನನಗ ನುಂಗ್ಲಾಕ ಆಗಲಿಲ್ಲ.”

ಮಲ್ಲಿಕಾ ಎದ್ದು ಅಂಗಳಕ್ಕೆ ಹೋಗಿ ನಿಂತಳು. ಒಳಗಿನ ಮಾತು ಕೇಳಿಸಬಾರದೆಂದು ಗೇಟಿನವರೆಗೂ ಹೋದಳು. ಅಣವೀರಪ್ಪನ ಹೆಂಡತಿ ಸೂಗಮ್ಮ ಹಿತ್ತಲಿಂದ ಬಂದು, ಪಡಸಾಲೆಯ ಕಡೆ ಒಮ್ಮೆ ನೋಡಿ, ಏನೂ ಕೇಳದೆ ಒಳಗೆ ಹೋಗಿ ಚಹಾಕ್ಕಿಟ್ಟಳು.

ಚಹಾ ಕುಡಿದ ಮೇಲೆ ಚಂದಮ್ಮ ಇನ್ನೊಂದು ಕೆಲಸ ಹೇಳಿದಳು. ಆ ಮುಖವನ್ನು ಹಾಳೆಯ ಮೇಲೆ ಬರೆದುಕೊಡು ಎಂದಳು. ಮಲ್ಲಿಕಾ ವರ್ಷಗಟ್ಟಲೆ ಬೋರ್ಡಿನ ಮೇಲೆ ಎಲುಬು ಬರೆದವಳು. ಮನುಷ್ಯರ ಮುಖ ಬರೆದವಳಲ್ಲ. ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಅದರ ಬೆನ್ನಿಗೆ ಪೆನ್ಸಿಲ್ಲಿನಿಂದ ಮೊದಲು ದವಡೆ ಬರೆದಳು, ಅದರ ಮೇಲೆ ಚರ್ಮ ಹೊದಿಸಿದಳು. ಮುದುಕಿ ಪಕ್ಕದಲ್ಲೇ ಕೂತು ತಿದ್ದಿಸಿದಳು. ಮೂಗು ಇನ್ನೊಂಚೂರು ಉದ್ದ. ಹುಬ್ಬು ಕೂಡಿರಬೇಕು. ಕೂದಲು ಇರಂಗಿಲ್ಲ, ಅವರಪ್ಪಗೂ ನಲವತ್ತಕ್ಕೇ ಹೋಗಿತ್ತು. ಮೂರನೆಯ ಹಾಳೆಗೆ ಚಂದಮ್ಮ ಸಾಕು ಎಂದಳು. ಅಣವೀರಪ್ಪ ಅದನ್ನು ಫೋನಿನಲ್ಲಿ ಫೋಟೋ ಹೊಡೆದುಕೊಂಡ. ಹಳೆಯ ಫೋಟೋವನ್ನೂ ಇದನ್ನೂ ಜೋಡಿಸಿ, ತನ್ನ ನಂಬರು ಹಾಕಿ, ಸೊಲ್ಲಾಪುರದಿಂದ ಹೈದರಾಬಾದಿನವರೆಗೆ ಗುರುತಿದ್ದವರಿಗೆಲ್ಲ ಕಳಿಸುವುದೆಂದು ಅವ್ವನೂ ಮಗನೂ ಕೂತು ಮಾತಾಡಿಕೊಂಡರು.

ಮಲ್ಲಿಕಾ ಮರುದಿನ ವರದಿ ಮುಗಿಸಿದಳು. ವಯಸ್ಸಿನ ಎದುರು ‘ಎಪ್ಪತ್ತಕ್ಕೆ ಮೇಲ್ಪಟ್ಟು’ ಎಂದು ಬರೆದಳು. ಲಿಂಗದ ಎದುರು ‘ಖಚಿತವಾಗಿ ಹೇಳಲಾಗದು, ಹೆಣ್ಣಾಗಿರುವ ಸಾಧ್ಯತೆ ಹೆಚ್ಚು’ ಎಂದು ಬರೆದಳು. ಆ ಕೊನೆಯ ಮಾತಿಗೆ ಅಳತೆಗಳ ಆಧಾರವಿತ್ತು. ಆದರೂ ಅದನ್ನು ಬರೆಯುವಾಗ ಚಂದಮ್ಮ ಗದ್ದದ ಮೇಲೆ ಕೈಯಿಟ್ಟುಕೊಂಡು ಕೂತದ್ದು ಕಣ್ಣಮುಂದಿತ್ತು ಎನ್ನುವುದನ್ನು ಅವಳು ತನ್ನೊಳಗೇ ಒಪ್ಪಿಕೊಂಡಳು.

ಎರಡು ತಿಂಗಳಿಗೆ ಲ್ಯಾಬಿನ ಉತ್ತರ ಬಂತು. ಎಲುಬುಗಳು ಬಹಳ ಹಳೆಯವು, ಕಡಿಮೆಯೆಂದರೂ ಎಂಬತ್ತು ವರ್ಷ ಮಣ್ಣಿನಲ್ಲಿದ್ದವು. ಪೊಲೀಸರು ಕಡತ ಮುಚ್ಚಿ ಎಲುಬುಗಳನ್ನು ಮರಳಿಸಿದರು. ಅಲ್ಲಿ ಹಿಂದೆ ಯಾರ ಸಮಾಧಿ ಇತ್ತೆಂದು ಊರಲ್ಲಿ ಯಾರಿಗೂ ನೆನಪಿರಲಿಲ್ಲ. ಅಣವೀರಪ್ಪ ಹೊಂಡವನ್ನು ಆಚೆ ಸರಿಸಿ ತೋಡಿಸಿದ. ಅದೇ ಮೂಲೆಯಲ್ಲಿ ಚಂದಮ್ಮ ತಾನೇ ನಿಂತು, ವಿಭೂತಿ ಹಚ್ಚಿಸಿ, ಮಣ್ಣು ಕೊಡಿಸಿದಳು. ಮುದುಕಿಗೆ ಧೋತರ ಯಾಕೆ ಎಂದು ತನ್ನದೊಂದು ಇಳಕಲ್ ಸೀರೆ ಹೊದಿಸಿದಳಂತೆ.

ಇದನ್ನೆಲ್ಲ ಅಣವೀರಪ್ಪ ಫೋನಿನಲ್ಲಿ ಹೇಳಿದ. ದಸರೆಯ ಮುಂದೆ ಮತ್ತೊಮ್ಮೆ ಅವನ ಫೋನು ಬಂತು. ಹಿನ್ನೆಲೆಯಲ್ಲಿ ಬಸ್ಸಿನ ಸದ್ದು.

“ಅಕ್ಕಲಕೋಟದಾಗ ಒಬ್ಬಾಂವ ಚಿತ್ರದಂಗೇ ಇದ್ದಾನಂತ ಸುದ್ದಿ ಬಂತು ಮೇಡಂ. ಅವ್ವನ್ನ ಕರಕೊಂಡು ಹೋಗಿದ್ದೆ. ಈಗ ತಿರುಗಿ ಬರ್ಲಾಕತ್ತೀವಿ.”

“ಅವರೇ ಏನು?”

“ಅಲ್ರಿ. ಹೋಟೆಲಿನಾಗ ರೊಟ್ಟಿ ಬಡಿಯೋ ಮನುಷ್ಯಾ. ಅವ್ವ ಅವನ ದವಡಿ ಹಿಡದು ನೋಡ್ತೀನಿ ಅಂದ್ಳು, ಪಾಪ, ಹಿಟ್ಟಿನ ಕೈ ಬದಿಗಿಟ್ಟು ಬಗ್ಗಿ ಕೊಟ್ಟ. ಇವ ಅಲ್ಲ ಅಂದ್ಳು. ಆಮ್ಯಾಲ ಅವನ ಸಂಗಟ ಕೂತು ಒಂದು ತಾಸು ಮಾತಾಡಿದ್ಳು. ಆಂವನೂ ಊರು ಬಿಟ್ಟು ನಲವತ್ತು ವರ್ಷ ಆಗ್ಯಾವಂತ. ನಿಮ್ಮ ಅವ್ವಗ ಒಂದು ಫೋನ್ ಮಾಡಂತ ಹೇಳ್ಲಾಕತ್ತಿದ್ಳು.” ಅತ್ತ ಕಡೆ ಏನೋ ಗುಸುಗುಸು ಕೇಳಿಸಿತು. “ತಡೀರಿ ಮೇಡಂ, ಅವ್ವ ನಿಮಗ ಏನೋ ಕೇಳಬೇಕಂತ.”

ಫೋನು ಕೈ ಬದಲಾಯಿತು.

“ಯವ್ವಾ,” ಎಂದಳು ಚಂದಮ್ಮ, ಬಸ್ಸಿನ ಸದ್ದಿಗಿಂತ ಗಟ್ಟಿಯಾಗಿ. “ಹಲ್ಲು ಕಟ್ಟಿಸಿಕೊಂಡವರ ದವಡಿ ಹ್ಯಾಂಗ ಇರ್ತದ? ಅದೊಂದು ನೀ ಹೇಳಿರಲಿಲ್ಲ.”